ಕೊಣಾಜೆಯ ಮಳೆಯಲ್ಲಿ ಮೊಪಾನೆ ಹುಳು: ಮೂರು ಕಿಲೋ ಒಣಹುಳುವಿನ ಪ್ರಕರಣ

ಮಳೆ ಹಿಡಿದು ಎರಡು ವಾರವಾಗಿತ್ತು. ಮಂಗಳೂರು ಹೊರವಲಯದ ಕೊಣಾಜೆಯ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬೋಟ್ಸ್ವಾನದ ವಿದ್ಯಾರ್ಥಿನಿ ಅಡುಗೆಮನೆಯ ಅಟ್ಟದಿಂದ ಚೀಲ ಇಳಿಸಿ ಬಾಯಿ ಬಿಚ್ಚಿದಳು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಒಳಗಿದ್ದದ್ದು ಊರಿನಿಂದ ತಂದ ಒಣಗಿಸಿದ ಹುಳು. ಮೇಲಿನ ಪದರಕ್ಕೆ ಬಿಳಿ ಬೂಷ್ಟು, ಚೀಲದ ಮೂಲೆಯಲ್ಲಿ ಹಳದಿ ಬೆರೆತ ಹಸಿರು ಪುಡಿ. ಎರಡು ತಿಂಗಳ ಹಿಂದೆ ಬೆರಳಲ್ಲಿ ಮುರಿದರೆ ಟಕ್ಕೆನ್ನುತ್ತಿದ್ದ ಹುಳು ಈಗ ಒಣದ್ರಾಕ್ಷಿಯ ಹಾಗೆ ಬಾಗುತ್ತಿತ್ತು.

ಕೆಳಗಿನ ಮನೆಯ ಒಡತಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. “ಮಳೆಗಾಲದಲ್ಲಿ ಬೂಷ್ಟು ಬರದೆ ಇರ್ತದಾ ಮಾರಾಯ್ತಿ? ತೊಳೆದು ಉಪ್ಪು ಹಾಕಿ ಹುರಿದರೆ ಆಯ್ತು. ನಮ್ಮ ಒಣಮೀನಿಗೂ ಹಾಗೇ ಮಾಡುದು.” ಮೀನು ಒಣಗಿಸುವ ವಿಷಯದಲ್ಲಿ ಕರಾವಳಿಯ ಹೆಂಗಸರಿಗೆ ಪಾಠ ಹೇಳಲು ಹೋಗುವುದು ಮೂರ್ಖತನ. ಆದರೆ ಈ ಒಂದು ಪದಾರ್ಥದಲ್ಲಿ ಒಣಮೀನಿನ ಲೆಕ್ಕ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮುಂದೆ ಅದೇ ಲೆಕ್ಕ ಹಿಡಿದು ಹೊರಟದ್ದರಿಂದ ಎರಡು ಕಿಲೋ ಮಾಲು ಹಾಳಾಯಿತು. ಎಲ್ಲಿ, ಎಷ್ಟು, ಯಾಕೆ ತಪ್ಪಿತು ಎಂಬುದನ್ನು ತೂಕ ಸಮೇತ ಬರೆದಿದ್ದೇವೆ. ಮನೆಯ, ಮನುಷ್ಯರ ಗುರುತು ಬಿಟ್ಟಿದ್ದೇವೆ. ಪ್ರಾಣಿಜನ್ಯ ಪದಾರ್ಥವನ್ನು ವಿಮಾನದಲ್ಲಿ ತರುವ ನಿಯಮಗಳು ಬೇರೆಯೇ ವಿಷಯ. ತರುವ ಮುನ್ನ ವಿಚಾರಿಸಿಕೊಳ್ಳಬೇಕು ಎಂದಷ್ಟೇ ಹೇಳಿ ಮುಂದೆ ಹೋಗೋಣ.

ಇದು ಯಾವ ಹುಳು

ಹುಳು ತಿನ್ನುವುದು ಎಂದರೆ ನಮ್ಮ ಕಡೆಯವರಿಗೆ ಮೊದಲು ಕಣ್ಣಿಗೆ ಬರುವುದು ನುಗ್ಗೆಮರದ ಕಂಬಳಿಹುಳು, ಅದರ ಕೂದಲು ತಾಗಿ ಮೈಮೇಲೆ ಎದ್ದ ದದ್ದು. ಮೊಪಾನೆ ಆ ಬಳಗದ್ದಲ್ಲ. ಶಾಸ್ತ್ರೀಯ ಹೆಸರು ಗೊನಿಂಬ್ರೇಸಿಯಾ ಬೆಲೀನಾ, ಸ್ಯಾಟರ್ನಿಡೆ ಕುಟುಂಬ. ನಮ್ಮ ದೇಶದ ಟಸರ್, ಮೂಗಾ, ಎರಿ ರೇಷ್ಮೆಹುಳುಗಳು ಇದರ ದಾಯಾದಿಗಳು. ರಾಮನಗರದ ಮಾರುಕಟ್ಟೆಗೆ ಗೂಡು ಕೊಡುವ ಹಿಪ್ಪುನೇರಳೆ ಹುಳು ಮಾತ್ರ ಬೇರೆ ಮನೆತನ. ಅಸ್ಸಾಮಿನಲ್ಲಿ ಎರಿಯ ಕೋಶ ತಿನ್ನುವುದಕ್ಕೆಂದೇ ಮಾರಾಟವಾಗುತ್ತದೆ, ಅಲ್ಲಿ ನೂಲಿನಷ್ಟೇ ಬೆಲೆ ಒಳಗಿನ ಹುಳುವಿಗೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಜನ ತಿನ್ನುವ ಕೀಟಜಾತಿಗಳಲ್ಲಿ ದುಂಬಿಗಳ ಪಾಲು 31%, ಪತಂಗ-ಚಿಟ್ಟೆಗಳ ಮರಿಹುಳುಗಳದ್ದು 18%. ಮಲೆನಾಡಿನ ಚಗಳಿ (ಕೆಂಪಿರುವೆ) ಚಟ್ನಿ ತಿಂದವರಿಗೆ, ಮೊದಲ ಮಳೆಗೆ ಏಳುವ ಈಸಲು ಹುರಿದು ತಿಂದವರಿಗೆ ಈ ಮಾತು ವಿಚಿತ್ರವೆನಿಸದು.

ಮೊಪಾನೆ ಎಂಬುದು ಮೂಲತಃ ಮರದ ಹೆಸರು. ಬೋಟ್ಸ್ವಾನ, ಜಿಂಬಾಬ್ವೆ, ನಮೀಬಿಯಾ, ದಕ್ಷಿಣ ಆಫ್ರಿಕಾದ ಉತ್ತರ ಭಾಗದ ಒಣಕಾಡುಗಳಲ್ಲಿ ಚಿಟ್ಟೆಯ ಎರಡು ರೆಕ್ಕೆಯಂಥ ಜೋಡಿ ಎಲೆಯ ಈ ಮರ ಮೈಲುಗಟ್ಟಲೆ ಹಬ್ಬಿದೆ. ಅದರ ಎಲೆ ತಿಂದು ಬೆಳೆಯುವ ಹುಳುವಿಗೆ ಸೆಟ್ಸ್ವಾನ ಭಾಷೆಯಲ್ಲಿ ಫಾನೆ, ಶೋನಾದಲ್ಲಿ ಮದೋರಾ ಎನ್ನುತ್ತಾರೆ. ವರ್ಷಕ್ಕೆ ಎರಡು ಹಂಗಾಮು: ಡಿಸೆಂಬರ್ ಸುಮಾರಿಗೆ ದೊಡ್ಡದು, ಏಪ್ರಿಲ್ ಸುಮಾರಿಗೆ ಚಿಕ್ಕದು. ಹುಳು ಐದು ಹಂತದಲ್ಲಿ ಪೊರೆ ಕಳಚುತ್ತ ಬೆಳೆಯುತ್ತದೆ. ಕೊಯ್ಲು ಕೊನೆಯ ಹಂತದಲ್ಲಿ, ಕೋಶವಾಗಲು ಮಣ್ಣಿಗಿಳಿಯುವ ಮುನ್ನ, ಕೈಯಿಂದಲೇ.

ಕಿತ್ತ ಕೂಡಲೇ ಹುಳುವನ್ನು ಬಾಲದ ಕಡೆ ಹಿಡಿದು ಹಿಂಡಿ ಕರುಳಿನೊಳಗಿನ ಹಸಿರು ರಸ ತೆಗೆಯುತ್ತಾರೆ. ಆಮೇಲೆ ಉಪ್ಪುನೀರಿನಲ್ಲಿ ಅರ್ಧ ಗಂಟೆಯಷ್ಟು ಕುದಿಸಿ, ಹರಡಿ, ಬಿಸಿಲಿಗೆ ಹಾಕುತ್ತಾರೆ. ಕೆಲವೆಡೆ ಬಿಸಿಬೂದಿಯಲ್ಲಿ ಹೊರಳಿಸುವುದೂ ಉಂಟು. ಮೈಮೇಲೆ ಗಿಡ್ಡ ಮುಳ್ಳುಗಳಿವೆ, ಒಣಗಿದ ಮೇಲೂ ಬೆರಳಿಗೆ ಚುಚ್ಚುವಷ್ಟು ಗಟ್ಟಿ.

ಒಣಹುಳುವಿನಲ್ಲಿ ಪ್ರೋಟೀನ್ 50ರಿಂದ 60%, ಕೊಬ್ಬು 15ರಿಂದ 20% ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಇಲ್ಲೊಂದು ಚೂರು ಜಾಗ್ರತೆ ಬೇಕು. ಪ್ರಯೋಗಾಲಯ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತದೆ. ಹುಳುವಿನ ಚರ್ಮದ ಗಟ್ಟಿ ಪದಾರ್ಥವಾದ ಕೈಟಿನ್‌ನಲ್ಲೂ ಸಾರಜನಕ ಇದೆ, ಅದು ಹೊಟ್ಟೆಗೆ ಪ್ರೋಟೀನಾಗಿ ದಕ್ಕುವುದಿಲ್ಲ. ಬೇರೆ ಕೆಲವು ಹುಳುಗಳನ್ನು ಪರೀಕ್ಷಿಸಿದವರು 4.76 ಎಂಬ ಗುಣಕ ಸೂಚಿಸಿದ್ದಾರೆ. ಅದನ್ನೇ ಇಲ್ಲಿಗೂ ಹಚ್ಚಿದರೆ 55% ಇದ್ದದ್ದು 42%ಕ್ಕೆ ಇಳಿಯುತ್ತದೆ. ಇಳಿದರೂ ಕಡಲೆ, ಹೆಸರುಕಾಳಿಗಿಂತ ಮೇಲೆಯೇ. ವಿದ್ಯಾರ್ಥಿನಿ ಒಂದು ಊಟಕ್ಕೆ ತೆಗೆಯುತ್ತಿದ್ದದ್ದು 30 ಗ್ರಾಂ. ಕಮ್ಮಿಯೆಂದು ಹಿಡಿದರೂ 12 ಗ್ರಾಂ ಪ್ರೋಟೀನ್.

ಮೂರು ಪಾತ್ರೆ, ಮೂರು ಗತಿ

ಏಪ್ರಿಲ್ ಕೊನೆಗೆ ಬಂದದ್ದು 3 ಕಿಲೋ, ಎಲ್ಲ ಒಂದೇ ಕೊಯ್ಲಿನದು. 2,400 ಗ್ರಾಂ ನೇಯ್ದ ಪ್ಲಾಸ್ಟಿಕ್ ಚೀಲದಲ್ಲಿ, ಅಂದರೆ ಅಕ್ಕಿ ಬರುವಂಥ ಚೀಲ. 600 ಗ್ರಾಂ ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ಜಾಡಿಯಲ್ಲಿ. ಜಾಡಿಯನ್ನು ಆಕೆ ಮುಟ್ಟಿರಲಿಲ್ಲ. ಚೀಲದಿಂದ ಮೇ ತಿಂಗಳಿಡೀ ಹತ್ತು ಬಾರಿ 30 ಗ್ರಾಂ ತೆಗೆದಿದ್ದಳು, ಪ್ರತಿ ಸಲ ರಬ್ಬರ್ ಬ್ಯಾಂಡ್ ಹಾಕಿ ಅಟ್ಟಕ್ಕೆ ಏರಿಸಿದ್ದಳು. ಅಟ್ಟ ಗ್ಯಾಸ್ ಒಲೆಯ ನೇರ ಮೇಲೆ.

ಜೂನ್ ಎರಡನೇ ವಾರದಲ್ಲಿ ಹುಳು ಮೆತ್ತಗಾದದ್ದು ಗೊತ್ತಾಯಿತು. ಒಡತಿಯ ಸಲಹೆಯಂತೆ ಚೀಲದ ಮಾಲನ್ನೆಲ್ಲ ಕಾವಲಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿದರು. 200 ಗ್ರಾಂ ಬೇರೆ ತೆಗೆದು ಪುಡಿಯುಪ್ಪು ಬೆರೆಸಿ ಸ್ಟೀಲ್ ಡಬ್ಬಿಗೆ ಹಾಕಿದರು. ಉಳಿದದ್ದನ್ನು ಬೆಚ್ಚಗಿರುವಾಗಲೇ ಚೀಲಕ್ಕೆ ತುಂಬಿ, ಚೀಲವನ್ನು ಮುಚ್ಚಳದ ಬಕೆಟ್ಟಿನಲ್ಲಿಟ್ಟು, ಮತ್ತೆ ಅಟ್ಟ.

ಹತ್ತು ದಿನ ಕಳೆದು ಮೂರನ್ನೂ ಇಳಿಸಿ ನೋಡಿದಾಗ ಕಂಡದ್ದು ಇಷ್ಟು. ಚೀಲಕ್ಕೆ ಬೂಷ್ಟು. ಉಪ್ಪಿನ ಡಬ್ಬಿಯ ತಳದಲ್ಲಿ ಕಂದು ನೀರು, ಹುಳು ಅಂಟಂಟು. ಜಾಡಿಯಲ್ಲಿ ಬೂಷ್ಟಿಲ್ಲ, ವಾಸನೆಯಿಲ್ಲ, ಆದರೆ ತಳದಲ್ಲಿ ಪುಡಿ, ಪುಡಿಯಲ್ಲಿ ಓಡಾಡುವ ನಾಲ್ಕೈದು ಚಿಕ್ಕ ದುಂಬಿ.

ನೋಟಕ್ಕಿಂತ ತಕ್ಕಡಿ ಹೆಚ್ಚು ಹೇಳಿತು. ಚೀಲದಲ್ಲಿ ಇರಬೇಕಾದದ್ದು 1,900 ಗ್ರಾಂ, ಇದ್ದದ್ದು 2,050. ಒಣಪದಾರ್ಥ ಮಳೆಗಾಲದಲ್ಲಿ ತೂಕ ಏರಿದರೆ ಏರಿದ್ದೆಲ್ಲ ನೀರೇ. ಮೂಲದಲ್ಲಿ ಎಷ್ಟು ನೀರಿತ್ತು ಎಂದು ತಿಳಿಯಲು ಚೀಲದ ಮೇಲಿನ, ನಡುವಿನ, ತಳದ ಹುಳು ಸೇರಿಸಿ ಪುಡಿ ಮಾಡಿ 20 ಗ್ರಾಂ ತೂಗಿ, ಓವನ್‌ನಲ್ಲಿ 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಲಾಯಿತು. ಉಳಿದದ್ದು 17.1 ಗ್ರಾಂ, ಅಂದರೆ ತೇವ 14.5%. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಸೂಕ್ಷ್ಮ ತೋರಿಸುವುದಿಲ್ಲ, 20 ಗ್ರಾಂಗೆ ಅದು ಪ್ರಯೋಜನವಿಲ್ಲ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಹಿಂದಕ್ಕೆ ಲೆಕ್ಕ ಹಾಕಿದರೆ 2,050 ಗ್ರಾಂನಲ್ಲಿ ಒಣ ಅಂಶ 1,753 ಗ್ರಾಂ. ಅದು ಮೂಲ 1,900ರಲ್ಲಿದ್ದಾಗ ತೇವ 7.7%. ಬೋಟ್ಸ್ವಾನದಲ್ಲಿ ಒಣಗಿಸಿದವರ ಕೆಲಸದಲ್ಲಿ ಹೇಳಿಕೊಳ್ಳುವಂಥ ತಪ್ಪಿರಲಿಲ್ಲ ಎಂದಾಯಿತು.

ಜಾಡಿಯ 600 ಗ್ರಾಂ ಈಗ 612. ಮೂಲ ತೇವ ಅಷ್ಟೇ ಎಂದು ಹಿಡಿದರೆ ಈಗಿನದು 9.6%. ಒಂದೇ ಮನೆ, ಒಂದೇ ಅಟ್ಟ, ಅದೇ ಎಂಟು ವಾರ. ವ್ಯತ್ಯಾಸ ಮುಚ್ಚಳದ್ದು.

ಒಣಮೀನಿನ ಲೆಕ್ಕ ಎಲ್ಲಿ ಕೈಕೊಟ್ಟಿತು

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ ಎರಡು ತಿಂಗಳಿಗೆಂದು ಮೇ ತಿಂಗಳಲ್ಲೇ ಉಪ್ಪುಮೀನು, ಒಣಸಿಗಡಿ ಕಟ್ಟಿಡುವುದು ರೂಢಿ. ಉಪ್ಪು ಹಾಕಿ ಒಣಗಿಸಿದ ಬಂಗುಡೆಯನ್ನು ಕೈಯಲ್ಲಿ ಹಿಡಿದು ನೋಡಿ: ಬಾಗುತ್ತದೆ, ತೊಗಲಿನ ಹಾಗಿರುತ್ತದೆ. ಅದರಲ್ಲಿ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರೇ ಇರಬಹುದು. ಆದರೂ ಕೊಳೆಯುವುದಿಲ್ಲ, ಏಕೆಂದರೆ ಆ ನೀರೆಲ್ಲ ಉಪ್ಪಿನಿಂದ ತುಂಬಿದೆ. ಬೂಷ್ಟಿಗೆ ಬೇಕಾದದ್ದು ನೀರಿನ ಪ್ರಮಾಣವಲ್ಲ, ಅದರ ಕೈಗೆ ದಕ್ಕುವ ನೀರು. ಇದನ್ನು ಜಲಚಟುವಟಿಕೆ ಎನ್ನುತ್ತಾರೆ. ಶುದ್ಧ ನೀರಿಗೆ 1, ಉಪ್ಪು ಪೂರ್ಣ ಕರಗಿದ ನೀರಿಗೆ 0.75. ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರಕ್ಕೆ ಬೆಳೆಯಲು ಸುಮಾರು 0.80 ಬೇಕು. ಉಪ್ಪುಮೀನಿನಲ್ಲಿ ಅದಕ್ಕೆ ಕಾಲಿಡಲು ಜಾಗವಿಲ್ಲ. ಅಲ್ಲಿ ಬರುವ ಗುಲಾಬಿ ಲೋಳೆ, ಕಂದು ಚುಕ್ಕೆ ಉಪ್ಪನ್ನೇ ಮೆಚ್ಚುವ ಬೇರೆ ಜೀವಿಗಳದ್ದು. ಅವೂ ಮೀನನ್ನು ಕೆಡಿಸುತ್ತವೆ, ಆದರೆ ಆ ವಿಷ ಮಾಡುವುದಿಲ್ಲ.

ಮೊಪಾನೆಯನ್ನು ಉಪ್ಪುನೀರಲ್ಲಿ ಕುದಿಸಿದ್ದು ರುಚಿಗೆ. ಸಂರಕ್ಷಿಸುವಷ್ಟು ಉಪ್ಪು ಅದರಲ್ಲಿಲ್ಲ. ಅದನ್ನು ಕಾಯುವುದು ಒಣತನವೊಂದೇ. ಉಪ್ಪಿಲ್ಲದೆ ಒಣಗಿಸಿದ, ಕೊಬ್ಬು ತುಂಬಿದ, ಸ್ವಲ್ಪ ತೇವಕ್ಕೂ ಬೂಷ್ಟು ಹಿಡಿಯುವ ಪದಾರ್ಥಕ್ಕೆ ಕರಾವಳಿಯಲ್ಲಿ ಹೋಲಿಕೆ ಬೇಕಿದ್ದರೆ ಅದು ಮೀನಿನ ಬುಟ್ಟಿಯಲ್ಲಿಲ್ಲ, ಕೊಬ್ಬರಿಯ ಗೋಣಿಯಲ್ಲಿದೆ. ಕೊಬ್ಬರಿಗೆ ಯಾರೂ ಉಪ್ಪು ಹಾಕುವುದಿಲ್ಲ, ಅರೆ ಒಣಗಿದ್ದನ್ನು ಯಾರೂ ಮಳೆಗಾಲಕ್ಕೆ ಕಟ್ಟಿಡುವುದೂ ಇಲ್ಲ. ಒಡತಿಗೆ ಇದನ್ನು ಹೇಳಿದಾಗ ಎರಡನೇ ಮಾತು ಬೇಕಾಗಲಿಲ್ಲ. ಅವರು ಹೇಳಿದ್ದು, “ಹಾಗಂತ ಮೊದಲೇ ಹೇಳ್ಬಾರದಾ?”

ಇನ್ನು ಉಪ್ಪಿನ ಡಬ್ಬಿಗೆ ಏನಾಯಿತು? ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯ ಸಾಪೇಕ್ಷ ಆರ್ದ್ರತೆ 75% ದಾಟಿದರೆ ಉಪ್ಪಿನ ಹರಳು ಗಾಳಿಯಿಂದಲೇ ನೀರೆಳೆದು ಕರಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಅದು ದಿನಗಟ್ಟಲೆ 85-90%. ಹಸಿಮೀನಿಗೆ ಹಾಕಿದ ಉಪ್ಪು ಮೀನಿನ ನೀರನ್ನು ಹೊರಗೆಳೆಯುತ್ತದೆ. ಒಣಹುಳುವಿಗೆ ಹಾಕಿದ ಉಪ್ಪು ಗಾಳಿಯ ನೀರನ್ನು ಒಳಗೆಳೆದು ತಂದಿತು. ಸ್ಟೀಲ್ ಡಬ್ಬಿಯ ಮುಚ್ಚಳ ಗಾಳಿ ತಡೆಯುವಂಥದ್ದಲ್ಲ.

ಬಿಸಿ ಮಾಡಿದ್ದು ಸರಿಯಾದ ಯೋಚನೆ, ಮುಗಿಸಿದ ರೀತಿ ತಪ್ಪು. ಹತ್ತು ನಿಮಿಷಕ್ಕೆ ಹೊರಮೈ ಒಣಗುತ್ತದೆ, ಒಳಗಿನ ತೇವ ಬಿಸಿಯಾಗಿ ಹೊರಡಲು ಸಿದ್ಧವಾಗಿ ನಿಂತಿರುತ್ತದೆ. ಆಗಲೇ ತುಂಬಿ ಮುಚ್ಚಿದರೆ ಆವಿ ಬಕೆಟ್ಟಿನ ಮುಚ್ಚಳಕ್ಕೆ ತಾಗಿ ತಣಿದು ಹನಿಯಾಗಿ ಮೇಲಿನ ಪದರದ ಮೇಲೆಯೇ ಬೀಳುತ್ತದೆ. ಬೂಷ್ಟು ಮೇಲ್ಪದರದಲ್ಲೂ, ಹನಿ ಇಳಿದು ನಿಂತ ಮೂಲೆಯಲ್ಲೂ ಹೆಚ್ಚಿದ್ದದ್ದು ಇದಕ್ಕೆ. ಸರಾಸರಿ ತೇವ 14.5% ಇದ್ದರೂ ಆ ಮೂಲೆಯಲ್ಲಿ ಅದಕ್ಕಿಂತ ಬಹಳ ಹೆಚ್ಚಿತ್ತು ಎಂಬುದಕ್ಕೆ ಪರೀಕ್ಷೆ ಬೇಕಿಲ್ಲ, ಬೆರಳು ಸಾಕು.

ಅಟ್ಟದ ಕಥೆ ಸ್ವಲ್ಪ ಬೇಸರದ್ದು. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಮಳೆಗಾಲದ ಅತ್ಯಂತ ಒಣ ಜಾಗವಾಗಿತ್ತು. 27 ಡಿಗ್ರಿಯಲ್ಲಿ 90% ಆರ್ದ್ರತೆಯಿರುವ ಗಾಳಿಯನ್ನೇ 60 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ 16%ಕ್ಕೆ ಇಳಿಯುತ್ತದೆ. ದಿನವಿಡೀ ಉರಿಯುವ ಸೌದೆ ಒಲೆ ಅಷ್ಟಲ್ಲದಿದ್ದರೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತಿತ್ತು. ಗ್ಯಾಸ್ ಒಲೆ ಉರಿಯುವುದು ಹೊತ್ತಿಗೆ ಅರ್ಧ ಗಂಟೆ. ಒಂದು ಕಿಲೋ ಅಡುಗೆ ಅನಿಲ ಸುಟ್ಟರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ, ಕುಚ್ಚಲಕ್ಕಿ ಬೇಯುವ ಆವಿ ಅದರ ಮೇಲೆ. ಅನಂತರ ಒಲೆ ಆರುತ್ತದೆ, ಅಟ್ಟ ತಣಿಯುತ್ತದೆ, ಆವಿ ಅಲ್ಲೇ ಉಳಿಯುತ್ತದೆ. ಅಟ್ಟದ ಹೆಸರು ಉಳಿದಿದೆ, ಗುಣ ಹೋಗಿದೆ.

ಮೂಲದಲ್ಲೇ ಇದ್ದ ಒಂದು ಕೊರತೆಯನ್ನೂ ಹೇಳಬೇಕು. ಬೂಷ್ಟು ಹಿಡಿದ ಹುಳುಗಳನ್ನು ಅಡ್ಡಕ್ಕೆ ಮುರಿದಾಗ ಕೆಲವು ಪೂರ್ತಿ ಟೊಳ್ಳು, ಒಳಮೈ ತಿಳಿಹಳದಿ. ಅವನ್ನು ಸರಿಯಾಗಿ ಹಿಂಡಿದ್ದಾರೆ. ಇನ್ನು ಕೆಲವುಗಳ ನಡುವೆ ಕಪ್ಪುಹಸಿರು ಎಲೆಯ ಉಂಡೆ ಗಟ್ಟಿಯಾಗಿ ಕೂತಿತ್ತು. ಆ ಉಂಡೆ ತಡವಾಗಿ ಒಣಗುತ್ತದೆ, ಬೇಗ ತೇವ ಹೀರುತ್ತದೆ, ತಿಂದರೆ ಹಲ್ಲಿಗೆ ಮರಳು ಸಿಕ್ಕ ಹಾಗೆ. ಕೊಳ್ಳುವಾಗ ನಾಲ್ಕು ಹುಳು ಮುರಿದು ನೋಡಿಯೇ ಕೊಳ್ಳಬೇಕು ಎನ್ನುವುದು ಇದಕ್ಕೆ.

ಎಸೆಯುವ ತೀರ್ಮಾನ

ಚೀಲದ್ದೂ ಡಬ್ಬಿಯದ್ದೂ ಪೂರ್ತಿ ಎಸೆಯಲಾಯಿತು. ಇದಕ್ಕೆ ಮನೆಯಲ್ಲಿ ವಿರೋಧ ಬಂತು. ಎರಡು ಕಿಲೋ ಎಂದರೆ ಸಣ್ಣ ಮಾತಲ್ಲ, ಅದೂ ಅಷ್ಟು ದೂರದಿಂದ ಬಂದದ್ದು. ಬೂಷ್ಟಿಲ್ಲದ್ದನ್ನು ಆರಿಸಿಕೊಂಡರೆ ಸಾಲದೇ? ಸಾಲದು. ಬೋಟ್ಸ್ವಾನದಲ್ಲೇ 1990ರ ದಶಕದಲ್ಲಿ ಮಾರುಕಟ್ಟೆಯ ಫಾನೆಯನ್ನು ಪರೀಕ್ಷಿಸಿದಾಗ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರಗಳೂ ಅಫ್ಲಾಟಾಕ್ಸಿನ್ನೂ ಕಂಡಿದ್ದವು. ಅಫ್ಲಾಟಾಕ್ಸಿನ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ತೊಳೆದರೆ ಹೋಗುವುದಿಲ್ಲ, ಹುರಿಯುವ ಬಿಸಿಗೆ ಪೂರ್ತಿ ಸಾಯುವುದಿಲ್ಲ. 1974ರಲ್ಲಿ ಗುಜರಾತ್-ರಾಜಸ್ಥಾನದ ಗಡಿಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಈ ಚೀಲದ ಹಳದಿಹಸಿರು ಪುಡಿ ಆ ಶಿಲೀಂಧ್ರವೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಲಿಲ್ಲ. ಎಸೆಯಲು ಅಷ್ಟು ಖಾತ್ರಿ ಬೇಕಾಗಿರಲೂ ಇಲ್ಲ.

“ಹಾಗಾದ್ರೆ ಕೋಳಿಗಾದ್ರೂ ಹಾಕುವ” ಎಂಬ ಮಾತು ಬಂತು. ಅದೂ ಬೇಡ. ಕೋಳಿ, ಬಾತುಕೋಳಿ, ನಾಯಿ ಈ ವಿಷಕ್ಕೆ ಸುಲಭವಾಗಿ ತುತ್ತಾಗುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಏಳದಂತೆ ನೀರು ಚಿಮುಕಿಸಿ, ತೋಟದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಹೂತರು. ಅಟ್ಟವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರು.

ಜಾಡಿಯಲ್ಲಿ ಉಳಿದದ್ದು

ಜಾಡಿಯ ದುಂಬಿಯನ್ನು ಬಿಳಿ ತಟ್ಟೆಗೆ ಬಿಟ್ಟು ನೋಡಿದರೆ ನೀಲಿಹಸಿರು ಲೋಹದ ಹೊಳಪು, ಕೆಂಪು ಕಾಲು, ಅಕ್ಕಿಕಾಳಿಗಿಂತ ಗಿಡ್ಡ. ಒಡತಿ ನೋಡಿದ್ದೇ ತಡ, “ಇದು ಕೊಬ್ಬರಿಯಲ್ಲಿ ಬರುದಲ್ವಾ!” ಎಂದರು. ಹೌದು, ನೆಕ್ರೋಬಿಯಾ ರೂಫಿಪಿಸ್. ಕೊಬ್ಬರಿ ದುಂಬಿ ಎಂದೇ ಅದರ ಅಡ್ಡಹೆಸರು. ಒಣಮಾಂಸ, ಒಣಮೀನು, ಕೊಬ್ಬರಿ, ಒಣಹುಳು ಎಲ್ಲಕ್ಕೂ ಬೀಳುತ್ತದೆ. ಪುಸ್ತಕದ ಹೋಲಿಕೆಗಿಂತ ಆ ದುಂಬಿ ಒಡತಿಯನ್ನು ಹೆಚ್ಚು ಒಪ್ಪಿಸಿತು.

ಕೆಲಸದ ಕ್ರಮ ಹೀಗಿತ್ತು. ಜಾಡಿಯ ಮಾಲನ್ನು ಜರಡಿ ಹಿಡಿದು ಪುಡಿ, ದುಂಬಿ, ತೂತು ಬಿದ್ದ ಹುಳು ತೆಗೆದರು. 42 ಗ್ರಾಂ ಹೋಯಿತು, 570 ಉಳಿಯಿತು. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟರು. ಕಣ್ಣಿಗೆ ಕಾಣದ ಮೊಟ್ಟೆ ಸಾಯಲಿ ಎಂದು ಇದು, ಬರೇ ಆರಿಸುವುದರಿಂದ ಮೊಟ್ಟೆ ಹೋಗುವುದಿಲ್ಲ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ನಾಲ್ಕು ಗಂಟೆ ಹಾಗೇ ಬಿಟ್ಟರು. ತಣ್ಣಗಿನ ಹುಳುವನ್ನು ಮಳೆಗಾಲದ ಗಾಳಿಗೆ ಬಿಚ್ಚಿದರೆ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹಾಗೆ ಮೈಯೆಲ್ಲ ಬೆವರುತ್ತದೆ. ಉಳಿಸಿದ್ದನ್ನು ಅಲ್ಲೇ ಕಳೆದುಕೊಂಡಂತೆ.

ಒಣಗಿಸಲು ಬಿಸಿಲು ನಂಬುವ ಹಾಗಿರಲಿಲ್ಲ. ಎರಡು ಮಳೆಯ ನಡುವಿನ ಒಂದು ಗಂಟೆಯ ಬಿಸಿಲಲ್ಲೂ ಗಾಳಿಯ ತೇವ ಹುಳುವಿನ ತೇವಕ್ಕಿಂತ ಮೇಲೇ ಇರುತ್ತದೆ. ಮನೆಯ ಸಣ್ಣ ವಿದ್ಯುತ್ ಓವನ್ನಿನಲ್ಲಿ ಬಲೆತಟ್ಟೆಯ ಮೇಲೆ ಒಂದೇ ಪದರ ಹರಡಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಆವಿ ಹೋಗಲು ಸಂದು ಬಿಟ್ಟು, 60ರಿಂದ 65 ಡಿಗ್ರಿಯಲ್ಲಿ ಇಟ್ಟರು. ಓವನ್ನಿನ ಗುಂಡಿಯ ಮೇಲಿನ ಸಂಖ್ಯೆ ನಂಬಬಾರದು, ಒಳಗೊಂದು ಥರ್ಮಾಮೀಟರ್ ಬೇಕು. ಬಿಸಿ ಬಹಳ ಹೆಚ್ಚಿಸಿದರೆ ಹೊರಮೈ ಬಿಗಿದು ಒಳನೀರು ಸಿಕ್ಕಿಹಾಕಿಕೊಳ್ಳುತ್ತದೆ, ಕೊಬ್ಬೂ ಬೇಗ ಕಮಟುತ್ತದೆ.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಗಡಿಯಾರಕ್ಕಿಂತ ತಕ್ಕಡಿಯೇ ಒಳ್ಳೆಯ ಉತ್ತರ. 570 ಗ್ರಾಂ, ತೇವ 9.6%, ಅಂದರೆ ಒಣ ಅಂಶ 515 ಗ್ರಾಂ. ಗುರಿ 6%. 515ನ್ನು 0.94ರಿಂದ ಭಾಗಿಸಿದರೆ 548. ತೂಕ 548ಕ್ಕೆ ಇಳಿದಾಗ ಕೆಲಸ ಮುಗಿಯಿತು. ಆರು ಗಂಟೆ ಹಿಡಿಯಿತು. ತಣಿಯಲು ಬಿಟ್ಟದ್ದೂ ತೆರೆದ ತಟ್ಟೆಯಲ್ಲಲ್ಲ, ರಬ್ಬರ್ ಉಂಗುರದ ಗಾಜಿನ ಜಾಡಿಯಲ್ಲಿ, ಮೇಲೆ ಒಂದು ಒಣ ಬಟ್ಟೆ ಮಡಚಿಟ್ಟು.

ಆಮೇಲೆ ನೂರು ಗ್ರಾಂನ ಐದು ಪೊಟ್ಟಣ. ಕಾಫಿಪುಡಿ ಬರುವಂಥ ಅಲ್ಯೂಮಿನಿಯಂ ಪದರದ ಚೀಲ, ಒಳಗೆ ಆಹಾರಕ್ಕೆಂದು ಮಾರುವ 10 ಗ್ರಾಂ ಸಿಲಿಕಾ ಜೆಲ್, ಬಾಯಿಗೆ ಶಾಖದ ಬೆಸುಗೆ. ತೆಳು ಪಾಲಿಥಿನ್ ನೀರು ತಡೆದರೂ ನೀರಾವಿಯನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ, ನಾಲ್ಕು ತಿಂಗಳಿಗೆ ಅದು ಸಾಲದು. ದೊಡ್ಡದೊಂದೇ ಪೊಟ್ಟಣ ಮಾಡದೆ ಐದು ಮಾಡಿದ್ದಕ್ಕೂ ಕಾರಣವಿದೆ. ಚೀಲ ಕೆಟ್ಟದ್ದು ಹತ್ತು ಸಲ ಬಿಚ್ಚಿದ್ದರಿಂದಲೂ ಹೌದು. ಪ್ರತಿ ಪೊಟ್ಟಣದ ಮೇಲೆ ಮಾರ್ಕರಿನಲ್ಲಿ ಒಟ್ಟು ತೂಕ ಬರೆದರು. ತೇವ 6%ದಿಂದ 10%ಕ್ಕೆ ಏರಿದರೆ ನೂರು ಗ್ರಾಂ ಮಾಲು 104 ದಾಟುತ್ತದೆ. ತಿಂಗಳಿಗೊಮ್ಮೆ ತೂಗಿದರೆ ಬಿಚ್ಚದೆಯೇ ಒಳಗಿನ ಸ್ಥಿತಿ ತಿಳಿಯುತ್ತದೆ.

48 ಗ್ರಾಂ ಮತ್ತು ಸಿಗಡಿ

ಉಳಿದ 48 ಗ್ರಾಂ ಅಂದೇ ಅಡುಗೆಗೆ ಹೋಯಿತು. ಕಡಲೆ ನೆನೆಹಾಕಿದ ಹಾಗೆ ರಾತ್ರಿಯೇ ನೀರಿಗೆ ಹಾಕಿಡೋಣ ಎಂದು ಒಡತಿ ಪಾತ್ರೆ ತೆಗೆದಿದ್ದರು. ತಡೆಯಬೇಕಾಯಿತು. ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಒಣಹುಳುವಿನಲ್ಲಿ ಇರುತ್ತವೆ. ಒಣಗಿರುವಷ್ಟು ದಿನ ಅವು ನಿದ್ದೆಯಲ್ಲಿವೆ. 28 ಡಿಗ್ರಿಯಲ್ಲಿ ರಾತ್ರಿಯಿಡೀ ನೆನೆದ ಹುಳು ಹೊರಗಿಟ್ಟ ಹಸಿಮಾಂಸಕ್ಕೆ ಸಮ. ಎರಡು ನೀರಲ್ಲಿ ಮರಳು ಹೋಗುವಂತೆ ತೊಳೆದು, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿಗೆ ಉಪ್ಪು ಹಾಕಿ 20 ನಿಮಿಷ ಕುದಿಸಿ, ಬಸಿದು, ನೀರುಳ್ಳಿ ಟೊಮೆಟೊ ಜೊತೆ ಎಣ್ಣೆಯಲ್ಲಿ ಬಾಡಿಸುವುದು ಬೋಟ್ಸ್ವಾನದ ಮನೆಗಳ ಕ್ರಮ. ಅರ್ಧ ಹಾಗೆ ಮಾಡಿದರು. ಇನ್ನರ್ಧವನ್ನು ಒಡತಿ ಕುದಿಸಿ ಬಸಿದ ಮೇಲೆ ಗರಿಯಾಗುವವರೆಗೆ ಹುರಿದು, ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ, ತೆಂಗಿನತುರಿ ಸೇರಿಸಿ ಒಣಸಿಗಡಿ ಚಟ್ನಿಯ ಹಾಗೆ ತರಿತರಿ ಅರೆದರು. ಗಂಜಿಗೆ ಹೊಂದಿತು. “ಸಿಗಡಿ ಅಲ್ಲ, ಹುರುಳಿಯ ರುಚಿ” ಎಂಬುದು ಅವರ ತೀರ್ಪು.

ತಟ್ಟೆ ಇಡುವ ಹೊತ್ತಿಗೆ ಹೊರಬಿದ್ದ ಒಂದು ಮಾತು ಈ ಇಡೀ ಪ್ರಕರಣದಲ್ಲಿ ಬೂಷ್ಟಿಗಿಂತ ಅಪಾಯದ್ದು. ಊಟಕ್ಕೆ ಬಂದಿದ್ದ ಒಡತಿಯ ತಂಗಿಯ ಮಗನಿಗೆ ಸಿಗಡಿ ತಿಂದರೆ ತುಟಿ ಊದುತ್ತದೆ. “ಬಂಗುಡೆ, ಭೂತಾಯಿ ಎಲ್ಲ ತಿಂತಾನೆ, ಇದೇನೂ ಆಗ್ಲಿಕ್ಕಿಲ್ಲ” ಎಂದು ತಾಯಿ ಬಡಿಸಲು ಹೊರಟಿದ್ದರು. ಮೀನಿನ ಅಲರ್ಜಿಗೂ ಸಿಗಡಿಯ ಅಲರ್ಜಿಗೂ ಮೂಲ ಬೇರೆ. ಸಿಗಡಿಯಲ್ಲಿ ತೊಂದರೆ ಕೊಡುವುದು ಮುಖ್ಯವಾಗಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್. ಸಿಗಡಿ, ಏಡಿ, ಮನೆಯ ಧೂಳಿನ ನುಸಿ, ಹುಳುಗಳು ಸಂಧಿಪದಿಗಳೆಂಬ ಒಂದೇ ದೊಡ್ಡ ವರ್ಗದವು, ಇವೆಲ್ಲವುಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ರೂಪದಲ್ಲಿದೆ, ಬೇಯಿಸಿದರೂ ಹೋಗದು. ಸಿಗಡಿ ಆಗದವರಿಗೆ ಹುಳುವೂ ಆಗದು ಎಂದೇ ಹಿಡಿಯಬೇಕು, ಒಂದು ಚೂರು ರುಚಿ ನೋಡುವುದೂ ಪರೀಕ್ಷೆಯಲ್ಲ. ಹುಡುಗನಿಗೆ ಬೇರೆ ಬಾಣಲೆ, ಹೊಸ ಎಣ್ಣೆ, ತೊಳೆದ ಮಿಕ್ಸಿ ಜಾರು. ಅರೆಯುವಾಗ ಏಳುವ ಪುಡಿ ಮೂಗಿಗೆ ಹೋಗದಂತೆ ಅವನನ್ನು ಜಗಲಿಗೆ ಕಳಿಸಿದರು.

ಆಗಸ್ಟ್ ಕೊನೆಗೆ ಐದೂ ಪೊಟ್ಟಣ ತೂಗಿದರು. ನಾಲ್ಕರ ತೂಕ ಬರೆದಿಟ್ಟಷ್ಟೇ. ಐದನೆಯದು 4 ಗ್ರಾಂ ಹೆಚ್ಚಿತ್ತು. ಬೆಸುಗೆ ಸರಿಯಿತ್ತು, ಚೀಲದ ಮಡಿಕೆಯಲ್ಲೂ ಬಿರುಕಿಲ್ಲ. ದೀಪಕ್ಕೆ ಹಿಡಿದು ತಿರುಗಿಸಿದಾಗ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು; ಒಳಗಿನಿಂದ ಹುಳುವಿನ ಮುಳ್ಳೊಂದು ಚುಚ್ಚಿ ಹೊರಗೆ ಇಣುಕಿತ್ತು. ಮಾಲನ್ನು ಮತ್ತೆ ಎರಡು ಗಂಟೆ ಓವನ್ನಿಗೆ ಹಾಕಿ, ಒರಟು ಬಟ್ಟೆಯಲ್ಲಿ ಉಜ್ಜಿ ಮುಳ್ಳು ಮುರಿದು, ಹೊಸ ಚೀಲದೊಳಗೆ ಬೆಣ್ಣೆಕಾಗದ ಸುತ್ತಿ ಬೆಸೆದರು.